ಒಳಗಿನ ಲಕೋಟೆ

ಫೆಬ್ರವರಿ 3

ಅಕ್ಕ,

ಎರಡು ವರ್ಷ ಬರೆಯದೆ ಇದ್ದವಳು ಈಗ ಬರೆಯುತ್ತಿದ್ದೇನೆ ಎಂದರೆ ಮನಸ್ಸು ಕರಗಿದೆ ಎಂದುಕೊಳ್ಳಬೇಡ. ಕರಗಿಲ್ಲ. ಒಂದು ಸುದ್ದಿ ಇದೆ, ಅದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು. ಯಾಕೆ ನಿನಗೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಅವತ್ತು ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ನನ್ನ ಮಗಳಿಗೂ ಕೇಳಿಸುವ ಹಾಗೆ, "ಪಾಪ, ನೀನು ಹೋದ್ಮೇಲೆ ಇವಳ ಗತಿ ಏನೇ?" ಎಂದವಳು ನೀನು. ಹಾಗಾದರೆ ಉತ್ತರವೂ ನಿನಗೇ ಸಲ್ಲಬೇಕು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದವಾದರೆ ನನ್ನ ಮಾತು ಮುಗಿಯುವ ತನಕ ಸುಮ್ಮನಿರುತ್ತದೆ.

ಸೂಜಿಯ ಶಾಲೆಯಲ್ಲಿ ನಕ್ಷತ್ರ ಕೊಡುವ ಪದ್ಧತಿ ಇದೆ. (ನೀನಿಟ್ಟ ಅಡ್ಡಹೆಸರೇ ಉಳಿದುಬಿಟ್ಟಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.) ಮನೆಕೆಲಸ ಹೊತ್ತಿಗೆ ಸರಿಯಾಗಿ ಒಪ್ಪಿಸಿದರೆ, ವಾರವಿಡೀ ತಡವಾಗಿ ಬರದಿದ್ದರೆ, ಇನ್ನೊಬ್ಬರಿಗೆ ಪಾಠ ಹೇಳಿಕೊಟ್ಟರೆ ಒಂದೊಂದು ನಕ್ಷತ್ರ. ಹೆಚ್ಚು ನಕ್ಷತ್ರ ಗಳಿಸಿದ ಇಪ್ಪತ್ತು ಮಂದಿಯನ್ನು ವರ್ಷಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗುತ್ತಾರೆ. ಅವತ್ತು ಪಾಠವಿಲ್ಲ, ಸಮವಸ್ತ್ರವಿಲ್ಲ. ಎಲ್ಲಿಗೆ ಎನ್ನುವುದನ್ನು ಆ ಇಪ್ಪತ್ತು ಮಂದಿಯೇ ಮತ ಹಾಕಿ ಆರಿಸುತ್ತಾರೆ. ನೂರ ಮೂವತ್ತು ಮಕ್ಕಳಲ್ಲಿ ಸೂಜಿ ಎರಡನೆಯವಳು.

ಶಾಲೆಯ ಮುಂಬಾಗಿಲಿಗೆ ಏಳು ಮೆಟ್ಟಿಲು. ಗಾಲಿಕುರ್ಚಿ ಹತ್ತುವ ಇಳಿಜಾರು ಇರುವುದು ಹಿಂದೆ, ಕಸದ ಡಬ್ಬಗಳ ಪಕ್ಕದಲ್ಲಿ. ಸುತ್ತಿಕೊಂಡು ಬರಲು ಆರು ನಿಮಿಷ ಹೆಚ್ಚು ಬೇಕು. ಅವಳು ಆರು ನಿಮಿಷ ಮೊದಲೇ ಹೊರಡುತ್ತಾಳೆ. ಈ ವರ್ಷ ಒಂದು ದಿನವೂ ತಡವಾಗಿಲ್ಲ.

ನಿನ್ನೆ ಸಭೆಯಲ್ಲಿ ಹೆಸರು ಓದಿದರು. ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನ ರಜೆ ಹೇಳಿ, ಗಾಜು ಉಜ್ಜುವ ಯಂತ್ರವನ್ನು ಪಕ್ಕದವಳಿಗೆ ಒಪ್ಪಿಸಿ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಇದ್ದ ಹಾಗೆಯೇ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಮುಖ್ಯೋಪಾಧ್ಯಾಯಿನಿ ಒಬ್ಬೊಬ್ಬರ ಹೆಸರು ಹೇಳಿ ಎಷ್ಟು ನಕ್ಷತ್ರ ಎಂದು ಓದಿದರು. ಐವತ್ತೊಂದು. ಅರವತ್ತು. ಐವತ್ತೈದು. ನನ್ನ ಮಗಳ ಸರದಿ ಬಂದಾಗ ಕನ್ನಡಕ ತೆಗೆದು, ದನಿ ಇಳಿಸಿ, "ತನ್ನ ಸ್ಥಿತಿಯನ್ನೂ ಮೀರಿ ನಮಗೆಲ್ಲ ಸ್ಫೂರ್ತಿಯಾದ ಹುಡುಗಿ" ಎಂದರು. ಲೆಕ್ಕ ಹೇಳಲೇ ಇಲ್ಲ. ಐವತ್ತೆಂಟು, ಅಕ್ಕ. ಆ ಒಂದು ಪದ ಹೇಳಿದ್ದರೆ ಸಾಕಾಗಿತ್ತು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಉರಿದುಹೋದೆ. ಆದರೆ ಎಲ್ಲರಿಗಿಂತ ಕೊನೆಗೆ ಚಪ್ಪಾಳೆ ನಿಲ್ಲಿಸಿದವಳು ನಾನೇ ಇರಬೇಕು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಬರುವಾಗ ಅವಳು ಕೇಳಿದಳು: "ಅಮ್ಮ, ನನಗೊಬ್ಬಳಿಗೇ ಅಷ್ಟು ಹೊತ್ತು ತಟ್ಟಿದ್ರಲ್ಲ, ಕೈ ನೋಯ್ಲಿಲ್ವಾ ಅವ್ರಿಗೆ?"

ಇದೇ ಅವಳ ಗತಿ. ತಿಳಿದುಕೊ.

ಇನ್ನೂ ಕೋಪದಲ್ಲಿರುವ,
ನಿನ್ನ ತಂಗಿ


ಫೆಬ್ರವರಿ 12

ತಂಗಿಗೆ,

ನಿನ್ನ ಕಾಗದ ಬಂದಾಗ ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದೆ. ಬಾಯಲ್ಲಿ ಗುಂಡುಸೂಜಿ ಇತ್ತು, ಅದಕ್ಕೇ ಏನೂ ಅನ್ನಲಿಲ್ಲ. ಇಲ್ಲದಿದ್ದರೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ ಅಂದಿರುತ್ತಿದ್ದೆ.

ಐವತ್ತೆಂಟಾ? ಮೊದಲನೆಯವನಿಗೆ ಅರವತ್ತು. ಎರಡು ನಕ್ಷತ್ರ ಎಲ್ಲಿ ಕಳೆದುಕೊಂಡಳು ಅಂತ ಕೇಳು. ಸುಮ್ಮನೆ ಹೊಗಳಿದರೆ ಅವಳಿಗೆ ಆಗುವುದಿಲ್ಲ.

ಅವತ್ತಿನ ಮಾತಿನ ಬಗ್ಗೆ ಈಗ ನಿನಗೆ ಏನೂ ಬರೆಯುವುದಿಲ್ಲ. ಏನು ಬರೆದರೂ ಸಮಜಾಯಿಷಿ ಅನ್ನುತ್ತೀಯ.

ಪಾರ್ಸೆಲ್‌ನಲ್ಲಿ ಒಂದು ಪ್ಯಾಂಟು ಕಳಿಸಿದ್ದೇನೆ. ಅಂಗಡಿಯಲ್ಲಿ ಸಿಗುವುದೆಲ್ಲ ನಿಂತವರಿಗೆ ಕತ್ತರಿಸಿದ್ದು. ಕೂತರೆ ಹಿಂದೆ ಜಾರುತ್ತದೆ, ಮುಂದೆ ಮಡಿಕೆ ಬಿದ್ದು ಹೊಟ್ಟೆಗೆ ಒತ್ತುತ್ತದೆ. ಇದರ ಹಿಂಭಾಗ ನಾಲ್ಕು ಬೆರಳು ಎತ್ತರ, ಮುಂಭಾಗ ಗಿಡ್ಡ. ಹಿಂದಿನ ಜೇಬು ಇಟ್ಟಿಲ್ಲ, ಹೊಲಿಗೆ ಒತ್ತಿ ಗಾಯವಾಗಬಾರದಲ್ಲ. ಮೊಣಕಾಲಿಗೆ ಎರಡು ಪದರ ಬಟ್ಟೆ ಕೊಟ್ಟಿದ್ದೇನೆ. ಯಾಕೆ ಅಂತ ಕೇಳಬೇಡ. ಬಹುಮಾನದ ದಿನ ಅದನ್ನೇ ಹಾಕಿಕೊಳ್ಳಲಿ.

ಅಕ್ಕ


ಫೆಬ್ರವರಿ 27

ಅಕ್ಕ,

ಪ್ಯಾಂಟು ಅಳತೆಗೆ ಸರಿಯಾಗಿದೆ. ಹೇಗೆ ಸರಿಯಾಯಿತು ಎನ್ನುವುದೇ ತಿಳಿಯುತ್ತಿಲ್ಲ. ನೀನು ನೋಡಿದ ಮೇಲೆ ಅವಳು ಒಂದು ಗೇಣು ಬೆಳೆದಿದ್ದಾಳೆ. ಇರಲಿ, ಈಗ ಅದನ್ನು ಹಾಕಿಕೊಂಡು ಹೋಗುವುದಕ್ಕೆ ಜಾಗವೇ ಇಲ್ಲದ ಹಾಗಾಗಿದೆ.

ಸೋಮವಾರ ಶಾಲೆಯಿಂದ ಚೀಟಿ ಬಂತು. ಇಪ್ಪತ್ತು ಮಂದಿ ಮತ ಹಾಕಿ ಜಾಗ ಆರಿಸಿದ್ದಾರೆ. ಎಲ್ಲಿಗೆ ಗೊತ್ತೇ? ಸ್ಕೇಟಿಂಗ್ ಅಂಗಳಕ್ಕೆ. ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು ಸುತ್ತು ಹೊಡೆಯುವ ಜಾಗ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲದ ಹುಡುಗಿ ಐವತ್ತೆಂಟು ನಕ್ಷತ್ರ ಗಳಿಸಿದ್ದು, ಗೋಡೆಯ ಪಕ್ಕ ಕೂತು ಹತ್ತೊಂಬತ್ತು ಜನರ ಬ್ಯಾಗು ಕಾಯುವುದಕ್ಕೆ. ಮಕ್ಕಳು ಯೋಚಿಸಲಿಲ್ಲ ಎಂದರೆ ಮಕ್ಕಳು ಎನ್ನಬಹುದು. ಆ ಚೀಟಿಗೆ ರುಜು ಹಾಕಿದ ದೊಡ್ಡವರಿಗೆ ಏನಾಗಿತ್ತು?

ಸೂಜಿ ಚೀಟಿ ಕೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಓದಿ ಮಡಿಸಿ ಚೀಲದಲ್ಲಿಟ್ಟೆ. "ಏನಮ್ಮ, ಏನೂ ಹೇಳ್ಲಿಲ್ಲ?" ಎಂದಳು. "ನೀನು ತಲೆ ಕೆಡಿಸ್ಕೋಬೇಡ, ನಾನು ನೋಡ್ಕೋತೀನಿ" ಎಂದೆ. ಅವಳು ತಟ್ಟೆ ತೊಡೆಯ ಮೇಲಿಟ್ಟುಕೊಂಡು ತನ್ನ ಕೋಣೆಗೆ ಹೋದಳು. ಮಗುವಿಗೆ ಎಷ್ಟು ನೋವಾಗಿರಬೇಕು.

ಮಾರನೆಯ ದಿನವೇ ಮುಖ್ಯೋಪಾಧ್ಯಾಯಿನಿಗೆ ಬರೆದು, ನಾನೇ ಹೋಗಿ ಕೊಟ್ಟು ಬಂದೆ. ಮೂರು ಸಲ ತಿದ್ದಿದೆ. ಒಂದು ಸಾಲು ನಿನಗೂ ಹಿಡಿಸೀತು: "ನಮ್ಮ ಅಂಗಡಿಯಲ್ಲಿ ಕಣ್ಣು ಕಾಣದವರಿಗೆ ಬಣ್ಣದ ಗಾಜು ತೋರಿಸಿ, ಆರಿಸಿಕೊಳ್ಳಿ ಎನ್ನುವುದಿಲ್ಲ. ಅಷ್ಟು ಮರ್ಯಾದೆ ನಮಗೆ ಗೊತ್ತಿದೆ." ನನ್ನ ಮಗಳ ಪರವಾಗಿ ಮಾತಾಡುವವರು ಒಬ್ಬರಾದರೂ ಇದ್ದಾರೆ ಎಂದು ಅವರಿಗೆ ಗೊತ್ತಾಗಲಿ.

ನಿನಗೆ ಇದೆಲ್ಲ ಜಗಳಗಂಟಿತನ ಅನ್ನಿಸಬಹುದು. ನಾನು ಜಗಳವಾಡಿರದಿದ್ದರೆ ಕಸದ ಡಬ್ಬಗಳ ಪಕ್ಕದ ಆ ಇಳಿಜಾರೂ ಇರುತ್ತಿರಲಿಲ್ಲ.

ನಿನ್ನ ತಂಗಿ


ಮಾರ್ಚ್ 4

ಮಾನ್ಯರೆ,

ತಮ್ಮ ಪತ್ರ ತಲುಪಿದೆ. ತಾವು ವ್ಯಕ್ತಪಡಿಸಿದ ನೋವನ್ನು ಶಾಲೆಯು ಗಂಭೀರವಾಗಿ ಪರಿಗಣಿಸಿದೆ. ತಮ್ಮ ಮಗಳ ಭಾವನೆಗಳನ್ನು ಗೌರವಿಸಿ ಸ್ಕೇಟಿಂಗ್ ಕಾರ್ಯಕ್ರಮವನ್ನು ರದ್ದುಪಡಿಸಲಾಗಿದೆ. ಅದರ ಬದಲು ಮಾರ್ಚ್ 28ರಂದು ಶಾಲೆಯ ಸಭಾಂಗಣದಲ್ಲಿಯೇ ಚಲನಚಿತ್ರ ಪ್ರದರ್ಶನವನ್ನು ಏರ್ಪಡಿಸಲಾಗುವುದು. ಬದಲಾವಣೆಯ ಕಾರಣವನ್ನು ಉಳಿದ ವಿದ್ಯಾರ್ಥಿಗಳಿಗೆ ಇಂದು ತಿಳಿಸಲಾಗಿದೆ. ಅವರು ಅರ್ಥಮಾಡಿಕೊಳ್ಳುವರೆಂಬ ವಿಶ್ವಾಸ ನಮಗಿದೆ. ಅಂದು ತಾವೂ ಮಗಳ ಜೊತೆಗಿದ್ದರೆ ಅನುಕೂಲವಾಗುವುದು.

ಇಂತಿ,
ಮುಖ್ಯೋಪಾಧ್ಯಾಯಿನಿ


ಮಾರ್ಚ್ 7

ತಂಗಿಗೆ,

ಆ ಬಣ್ಣದ ಗಾಜಿನ ಸಾಲು ಚೆನ್ನಾಗಿದೆ. ನಿನ್ನ ತೊಂದರೆಯೇ ಅದು. ಸಾಲು ಚೆನ್ನಾಗಿ ಬಂತು ಅಂದರೆ ಮಾತು ನಿಜ ಅಂದುಕೊಂಡುಬಿಡುತ್ತೀಯ.

ಈಗ ನಾನು ಒಬ್ಬಳಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಮುರಿಯುತ್ತೇನೆ ಅಂತ ಅವಳಿಗೂ ಬರೆದು ತಿಳಿಸಿದ್ದೇನೆ. ಕೂತುಕೊಂಡು ಓದು.

ಸ್ಕೇಟಿಂಗ್ ಅಂಗಳ ಆರಿಸಿದ್ದು ಸೂಜಿ.

ಜನವರಿಯಲ್ಲೇ ನನಗೆ ಬರೆದಿದ್ದಳು. ಆ ಜಾಗಕ್ಕೆ ತಾನೇ ಫೋನ್ ಮಾಡಿ ಕೇಳಿದ್ದಾಳೆ. ಕುರ್ಚಿ ಬಿಡ್ತೀರಾ ಅಂದರೆ, ಗಾಲಿ ಒರೆಸಿಕೊಂಡು ಬಂದರೆ ಸಾಕು ಅಂದರಂತೆ. ಒಂದು ಶನಿವಾರ ನಿನಗೆ ಗ್ರಂಥಾಲಯ ಅಂತ ಹೇಳಿ, ಗೆಳತಿಯ ಜೊತೆ ಹೋಗಿ ನೆಲ ನೋಡಿಕೊಂಡು ಬಂದಿದ್ದಾಳೆ. ನುಣುಪಾದ ಮರದ ನೆಲ, ಬಾಗಿಲಿಗೆ ಒಂದೂ ಮೆಟ್ಟಿಲಿಲ್ಲ. ಸಭೆಯಲ್ಲಿ ಹೆಸರು ಓದಿದ ಮೇಲೆ ಹದಿನೈದು ದಿನ ಓಡಾಡಿ ಹನ್ನೊಂದು ಮತ ಕೂಡಿಸಿದ್ದಾಳೆ. ಅವಳು ಬರೆದದ್ದನ್ನೇ ಇಲ್ಲಿ ಇಳಿಸುತ್ತೇನೆ: "ದೊಡ್ಡಮ್ಮ, ಅವತ್ತು ಎಲ್ರಿಗೂ ಗಾಲಿ ಇರತ್ತೆ. ನನಗೆ ಹನ್ನೊಂದು ವರ್ಷದ ಅಭ್ಯಾಸ, ಅವ್ರಿಗೆ ಮೊದಲ್ನೇ ದಿನ. ಅವ್ರು ಬೀಳೋದನ್ನ ನಾನು ನೋಡ್ಬೇಕು." ಮೊಣಕಾಲಿಗೆ ಎರಡು ಪದರ ಕೇಳಿದ್ದೂ ಅವಳೇ. ಅಳತೆ ಕಳಿಸಿದ್ದೂ ಅವಳೇ.

ಹೌದು, ನಾವಿಬ್ಬರೂ ಬರೆದುಕೊಳ್ಳುತ್ತೇವೆ. ಎರಡು ವರ್ಷದಿಂದ. ನಾನು ಶಾಲೆಯ ವಿಳಾಸಕ್ಕೆ ಬರೆಯುತ್ತೇನೆ. ನೀನು ನನ್ನ ಮುಖದ ಮೇಲೆ ಬಾಗಿಲು ಹಾಕಿದ ವಾರದಲ್ಲೇ ಅವಳ ಮೊದಲ ಕಾಗದ ಬಂತು. "ನನ್ನ ಗತಿ ಏನು ಅಂತ ಕೇಳಿದ್ರಲ್ಲ ದೊಡ್ಡಮ್ಮ, ನಿಮ್ಮ ಗತಿ ಏನು? ನಿಮಗೆ ಮಕ್ಕಳೂ ಇಲ್ಲ." ಆಗಿನ್ನೂ ಹದಿಮೂರು ವರ್ಷ. ಆ ಒಂದು ಸಾಲಿಗೆ ಉತ್ತರ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ನಾನು ಕ್ಷಮೆ ಕೇಳಬೇಕಾಗಿದ್ದದ್ದು ಅವಳನ್ನ. ಕೇಳಿ ಎರಡು ವರ್ಷವಾಯಿತು. ಆಮೇಲೆ ಅವಳು ನನಗೆ "ನೀವು" ಅನ್ನುವುದನ್ನು ಬಿಟ್ಟಳು.

ನಾನು ಒಂದೇ ಒಂದು ಮಾತು ಅಂದೆ, ನೀನು ನನ್ನನ್ನು ಕತ್ತರಿಸಿ ಎಸೆದೆ. ಅವಳನ್ನು ಒಂದು ಮಾತೂ ಕೇಳದೆ ಅವಳ ಪರವಾಗಿ ನೀನು ಎಷ್ಟು ಮಾತಾಡಿದ್ದೀಯೋ ಲೆಕ್ಕವಿಲ್ಲ. ಅವಳು ನಿನ್ನನ್ನು ಕತ್ತರಿಸಿ ಎಲ್ಲಿಗೆ ಹೋಗಬೇಕು?

ಇವತ್ತು ಅವಳಿಂದ ಕಾಗದ ಬಂತು. ಒಂದೇ ಸಾಲು. "ಎಲ್ಲ ಹಾಳಾಯ್ತು." ನಿನ್ನ ಚೆಂದದ ಸಾಲುಗಳಿಂದ ಏನಾಯಿತು ಅಂತ ನೀನೇ ಕೇಳಿ ತಿಳಿದುಕೊ.

ಅಕ್ಕ


ಮಾರ್ಚ್ 9

ಅಮ್ಮ,

ನಾನು ಪಕ್ಕದ ಕೋಣೆಯಲ್ಲೇ ಇದೀನಿ. ಬಾಯಲ್ಲಿ ಹೇಳಿದ್ರೆ ನೀನು ಮಧ್ಯೆ ಮಾತಾಡ್ತೀಯ, ಆಮೇಲೆ ಅಳ್ತೀಯ, ಆಮೇಲೆ ನಾನು ನಿನ್ನ ಸಮಾಧಾನ ಮಾಡ್ಬೇಕು. ಅದಕ್ಕೇ ಬರೆದು ನಿನ್ನ ಊಟದ ಡಬ್ಬದ ಕೆಳಗೆ ಇಡ್ತಿದೀನಿ. ಅಂಗಡಿಗೆ ಹೋಗಿ ಓದು.

ದೊಡ್ಡಮ್ಮ ನಿನಗೆ ಹೇಳಿದಾಳೆ ಅಂತ ಗೊತ್ತು. ಅವಳ ಮೇಲೂ ಕೋಪ ಇದೆ. ಮೊದಲು ನಿಂದು ಮುಗಿಸ್ತೀನಿ.

ಮೇಡಂ ತರಗತಿಗೆ ಬಂದು ಎಲ್ರ ಮುಂದೆ, "ನಮ್ಮ ಒಬ್ಬ ವಿದ್ಯಾರ್ಥಿನಿಯ ತಾಯಿಗೆ ನೋವಾಗಿದೆ" ಅಂದ್ರು. ಒಬ್ಬ ವಿದ್ಯಾರ್ಥಿನಿ ಅಂತೆ. ಎಲ್ರೂ ತಿರುಗಿ ನನ್ನೇ ನೋಡಿದ್ರು. ಸಿನಿಮಾ ಅಂದ ತಕ್ಷಣ ಹಿಂದಿನ ಬೆಂಚಿಂದ ಒಬ್ಬಳು "ಅದೇ ಸಭಾಂಗಣ, ಅದೇ ಮುರಿದ ಫ್ಯಾನು" ಅಂದ್ಳು. ಯಾರೂ ನಗ್ಲಿಲ್ಲ. ಅರವತ್ತು ನಕ್ಷತ್ರದವನು ನನ್ನ ಪಕ್ಕ ಬಂದು ಮೆಲ್ಲಗೆ, "ನಿಮ್ಮಮ್ಮಂಗೆ ಹೇಳಿ ಇನ್ನೊಂದು ಕಾಗದ ಬರೆಸು, ಪರೀಕ್ಷೆನೂ ರದ್ದಾಗ್ಲಿ" ಅಂದ. ನನ್ನ ಹನ್ನೊಂದು ಮತದಲ್ಲಿ ಅವನದೂ ಒಂದು. ಅದಕ್ಕೋಸ್ಕರ ಅವನಿಗೆ ಎರಡು ವಾರ ಬೀಜಗಣಿತ ಹೇಳಿಕೊಟ್ಟಿದ್ದೆ. ಈಗ ಹನ್ನೊಂದು ಜನಾನೂ ನನ್ನ ಹತ್ರ ಮಾತಾಡ್ತಿಲ್ಲ.

ಚೀಟಿ ಕೊಟ್ಟಾಗ ನಿನ್ನ ಮುಖ ನೋಡ್ತಿದ್ದೆ. ಆಶ್ಚರ್ಯ ಆಗತ್ತೆ, ಯಾರು ಆರಿಸಿದ್ದು ಅಂತ ಕೇಳ್ತೀಯ, ನಾನೇ ಅಂತೀನಿ, ನೀನು ನಗ್ತೀಯ ಅಂದ್ಕೊಂಡಿದ್ದೆ. ನೀನು ಕೇಳ್ಲೇ ಇಲ್ಲ. ಆಗ್ಲೇ ಹೇಳ್ಬಹುದಿತ್ತು ನಾನು. ಹೇಳ್ಲಿಲ್ಲ, ಸಿಟ್ಟು ಬಂದಿತ್ತು. ಅದು ನನ್ನ ತಪ್ಪು. ಉಳಿದದ್ದೆಲ್ಲ ನಿಂದು.

ಮೇಡಂ ಸ್ಫೂರ್ತಿ ಅಂದಾಗ ನಿನಗೆ ಎಷ್ಟು ಕೋಪ ಬಂತು. ನೀನು ಬರೆದಿರೋದೂ ಅದೇ ಅಮ್ಮ. ಕಣ್ಣು ಕಾಣದವರು, ಬಣ್ಣದ ಗಾಜು. ಮೇಡಂ ಅದನ್ನ ನನಗೆ ಓದಿ ಹೇಳಿದ್ರು, ನಾನು ಖುಷಿ ಪಡ್ತೀನಿ ಅಂತ.

ನೀನು ಬರೆದದ್ದನ್ನ ನೀನೇ ವಾಪಸ್ ತಗೋ. ನನ್ನ ಹೆಸರಲ್ಲಿ ಬೇಡ, ನಿನ್ನ ಹೆಸರಲ್ಲಿ. ಕಳ್ಸೋಕೆ ಮುಂಚೆ ನನಗೆ ತೋರ್ಸು.

ಮತ್ತೆ ಅವತ್ತು ನೀನು ಬರಬಾರದು.

ಸೂಜಿ


ಮಾರ್ಚ್ 13

ಮುಖ್ಯೋಪಾಧ್ಯಾಯಿನಿಯವರಿಗೆ,

ಕಳೆದ ತಿಂಗಳು ನಾನು ತಮಗೆ ಕೊಟ್ಟ ಪತ್ರ ತಪ್ಪು. ಸ್ಕೇಟಿಂಗ್ ಅಂಗಳವನ್ನು ಆರಿಸಿದ್ದು ನನ್ನ ಮಗಳು. ಅವಳನ್ನು ಕೇಳದೆ ಬರೆದೆ. ತಾವೂ ಅವಳನ್ನು ಕೇಳದೆ ರದ್ದು ಮಾಡಿದಿರಿ. ಆದರೆ ಮೊದಲು ಕೇಳಬೇಕಾಗಿದ್ದವಳು ನಾನು.

ಮಕ್ಕಳು ಮತ ಹಾಕಿ ಆರಿಸಿದ ಜಾಗಕ್ಕೇ ಅವರನ್ನು ಕರೆದುಕೊಂಡು ಹೋಗಬೇಕೆಂದು ಕೋರುತ್ತೇನೆ. ರದ್ದು ಮಾಡಿದ ಕಾರಣವನ್ನು ತರಗತಿಯಲ್ಲಿ ಹೇಳಿದ ಹಾಗೆಯೇ, ತಪ್ಪು ತಾಯಿಯದು, ಮಗಳದಲ್ಲ ಎಂಬುದನ್ನೂ ತರಗತಿಯಲ್ಲಿಯೇ ಹೇಳಬೇಕು. ಅವಳಿಗೆ ಐವತ್ತೆಂಟು ನಕ್ಷತ್ರ. ಅದನ್ನು ಇನ್ನೂ ಯಾರೂ ಗಟ್ಟಿಯಾಗಿ ಓದಿಲ್ಲ.

ಅಂದು ನಾನು ಜೊತೆಗೆ ಬರುವುದಿಲ್ಲ.

ಇಂತಿ,
ವಿದ್ಯಾರ್ಥಿನಿಯ ತಾಯಿ


ಮಾರ್ಚ್ 29

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನನಗೆ ಒಂಬತ್ತು ದಿನ ಸಾಲಲಿಲ್ಲ. ನೀನು ಹೇಳಿದ್ದು ಸರಿ. ಸರಿ ಇದ್ದದ್ದಕ್ಕೇ ಅದನ್ನು ಎರಡು ಸಲ ಹರಿದುಹಾಕಬೇಕೆನ್ನಿಸಿತು. ಹರಿದಿಲ್ಲ, ಇಟ್ಟುಕೊಂಡಿದ್ದೇನೆ. ಎರಡು ವರ್ಷ ನನ್ನ ಮನೆಯ ಸುದ್ದಿಯನ್ನೆಲ್ಲ ನನ್ನ ಬೆನ್ನ ಹಿಂದೆ ಓದಿಕೊಂಡು, ಗೊತ್ತೇ ಇಲ್ಲದವಳ ಹಾಗೆ "ಐವತ್ತೆಂಟಾ?" ಎಂದು ಕೇಳಿದೆಯಲ್ಲ, ಆ ಲೆಕ್ಕ ಬೇರೆ ಇದೆ.

ಅವಳ ಕಾಗದವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಓದಿದೆ. ಯಂತ್ರದಲ್ಲಿ ಯಾರದೋ ಗಾಜು ತಿರುಗುತ್ತಿತ್ತು. ನಿಲ್ಲಿಸುವುದನ್ನು ಮರೆತೆ. ಅಂಚು ಅತಿಯಾಗಿ ಸವೆದು ಚೌಕಟ್ಟಿನಲ್ಲಿ ನಿಲ್ಲದ ಹಾಗಾಯಿತು. ಹದಿನೇಳು ವರ್ಷದಲ್ಲಿ ಮೊದಲ ಸಲ ಒಂದು ಗಾಜು ಹಾಳು ಮಾಡಿದೆ. ಅಂಗಡಿಯ ಯಜಮಾನರು ಇನ್ನೊಂದು ಗಾಜು ತಂದು ಕೊಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಶಾಲೆಗೆ ಬರೆದ ಎರಡನೆಯ ಪತ್ರವನ್ನು ಅವಳಿಗೆ ತೋರಿಸಿದೆ. ಎರಡು ಪುಟ ಇತ್ತು. ಪೆನ್ಸಿಲ್ ಹಿಡಿದುಕೊಂಡು ಓದಿ, ಅರ್ಧಕ್ಕರ್ಧ ಹೊಡೆದುಹಾಕಿದಳು. "ಇದು ಚೆನ್ನಾಗಿದೆ, ತೆಗಿ," ಎಂದಳು. "ಇದೂ ಚೆನ್ನಾಗಿದೆ, ಇದನ್ನೂ ತೆಗಿ." ನೀವಿಬ್ಬರೂ ಕೂಡಿಯೇ ಕಲಿತಿದ್ದೀರಿ.

ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿಕೊಂಡರು. ಮಕ್ಕಳು ಸ್ಕೇಟಿಂಗ್ ಅಂಗಳಕ್ಕೇ ಹೋಗಲಿ, ಆದರೆ ಸೂಜಿಗೆ ಏನಾದರೂ ಆದರೆ ಶಾಲೆ ಹೊಣೆಯಲ್ಲ ಎಂದು ನಾನು ರುಜು ಹಾಕಿಕೊಡಬೇಕು ಎಂದರು. ಕಾಗದ ಮೊದಲೇ ಸಿದ್ಧವಾಗಿತ್ತು. ನನ್ನೊಬ್ಬಳಿಗೆ. ನಾಲಿಗೆಯ ತುದಿಗೆ ಏನೇನೋ ಬಂತು, ಬಹಳ ಚೆನ್ನಾಗಿರುವಂಥವೇ ಬಂದವು. "ಮಗಳನ್ನ ಕೇಳಿ ಹೇಳ್ತೀನಿ" ಎಂದು ಎದ್ದು ಬಂದೆ. ಅವರ ಮುಖ ನೀನು ನೋಡಬೇಕಿತ್ತು.

ಸೂಜಿ ಕೇಳಿಸಿಕೊಂಡು, "ಇಪ್ಪತ್ತು ಮನೆಯವ್ರೂ ರುಜು ಹಾಕ್ಲಿ. ಬೀಳೋರು ಅವ್ರ ಮಕ್ಕಳು, ನಾನಲ್ಲ" ಎಂದಳು. ಮಾರನೆಯ ದಿನ ಹೋಗಿ ಆ ಒಂದು ಮಾತನ್ನಷ್ಟೇ ಹೇಳಿದೆ. ಅವರು ವಾದಿಸಿದರು. ನಾನು ಅದನ್ನೇ ಇನ್ನೊಂದು ಸಲ ಹೇಳಿದೆ. ಆರನೆಯ ಸಲಕ್ಕೆ ಇಪ್ಪತ್ತು ಪ್ರತಿ ಮಾಡಿಸಿದರು. ಅಕ್ಕ, ಅವತ್ತು ನನಗಿದ್ದ ಸಿಟ್ಟು ಈ ಹಿಂದೆ ಯಾವತ್ತೂ ಇದ್ದದ್ದಲ್ಲ. ಆದರೆ ಅದನ್ನು ಎಲ್ಲಿ ಇಡಬೇಕು ಎಂದು ಮಗಳೇ ಹೇಳಿಕೊಟ್ಟಿದ್ದಳು. ಹಿಂದಿನ ಸಿಟ್ಟೆಲ್ಲ ಯಾರಿಗಾಗಿತ್ತು ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ಎಲ್ಲವೂ ಅವಳಿಗಾಗಿ ಇರಲಿಲ್ಲ, ಅಷ್ಟು ಗೊತ್ತಾಗಿದೆ.

ತರಗತಿಯಲ್ಲಿ ತಪ್ಪು ತಾಯಿಯದು ಎಂದು ಹೇಳಿದರಂತೆ. ಅದನ್ನು ಸ್ಪಷ್ಟವಾಗಿ, ಸಂತೋಷದಿಂದಲೇ ಹೇಳಿದರಂತೆ. ಐವತ್ತೆಂಟು ಎಂದು ಮಾತ್ರ ಈಗಲೂ ಹೇಳಿಲ್ಲ. ಅದಕ್ಕೊಂದು ಪತ್ರ ಬರೆಯಲೇ ಎಂದು ಸೂಜಿಯನ್ನು ಕೇಳಿದೆ. "ಯೋಚನೆ ಮಾಡ್ತೀನಿ" ಎಂದಳು. ಕಾಯುತ್ತಿದ್ದೇನೆ.

ನಿನ್ನೆ ಹೋಗಿ ಬಂದಳು. ಬೆಳಿಗ್ಗೆ ಬಸ್ಸಿನ ಹತ್ತಿರ ನಿಂತಿದ್ದ ನನ್ನನ್ನು ಕೈಬೀಸಿ ಕಳಿಸಿದಳು, ನಾನೇ ಚಿಕ್ಕವಳು ಎಂಬಂತೆ. ದಿನವಿಡೀ ಗಾಜು ಉಜ್ಜಿದೆ. ಒಂದೂ ಹಾಳು ಮಾಡಲಿಲ್ಲ. ಸಂಜೆ ಬಂದಾಗ ಕೂದಲೆಲ್ಲ ಕೆದರಿತ್ತು. ಅಂಗಿಯ ಬೆನ್ನಿನ ಮೇಲೆ ಯಾರದೋ ಐದು ಬೆರಳಿನ ಗುರುತು, ಧೂಳಿನಲ್ಲಿ. ನೀನು ಎರಡು ಪದರ ಕೊಟ್ಟ ಮೊಣಕಾಲು ಚೆನ್ನಾಗಿಯೇ ಇದೆ. ಬಲ ಮೊಣಕೈ ತರಚಿ ರಕ್ತ ಒಣಗಿತ್ತು. ಮೊಣಕೈಗೆ ಯಾರೂ ಪದರ ಕೊಟ್ಟಿರಲಿಲ್ಲ.

ನಾನು ಕೇಳಲಿಲ್ಲ. ಔಷಧಿಯ ಡಬ್ಬ ತಂದು ಮೇಜಿನ ಮೇಲಿಟ್ಟೆ. ಅವಳೇ ಹಚ್ಚಿಕೊಂಡಳು. ನನಗೆ ಹೇಳಿದ್ದು ಎರಡೇ ಮಾತು: "ಚೆನ್ನಾಗಿತ್ತು. ಹಸಿವಾಗ್ತಿದೆ." ಉಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಬರೆದಳು.

ಈ ಲಕೋಟೆಯ ಒಳಗೆ ಇನ್ನೊಂದು ಲಕೋಟೆ ಇದೆ. ಬೆಳಿಗ್ಗೆ ನನ್ನ ಕೈಗೆ ಕೊಟ್ಟು, "ನೀನು ದೊಡ್ಡಮ್ಮಂಗೆ ಹೇಗೂ ಬರೀತೀಯಲ್ಲ, ಇದನ್ನೂ ಸೇರ್ಸು. ಸುಮ್ನೆ ಎರಡು ಸಲ ಅಂಚೆಗೆ ಯಾಕೆ" ಎಂದಳು. ಇನ್ನು ಮುಂದೆ ನೀನು ಶಾಲೆಯ ವಿಳಾಸಕ್ಕೆ ಬರೆಯಬೇಕಾಗಿಲ್ಲ. ಆ ಒಳಗಿನ ಲಕೋಟೆಗೆ, ನಾನು ಕನ್ನಡಕದ ಚೌಕಟ್ಟಿಗೆ ಹಚ್ಚುವ ಅಂಟನ್ನೇ ಸೂಜಿ ನಾಲ್ಕು ಅಂಚಿಗೂ ಬಳಿದು ಅಂಟಿಸಿದ್ದಾಳೆ. ಆ ಅಂಟಿನ ಗುಣ ನನಗೆ ಗೊತ್ತು. ಹರಿಯದೆ ಬಿಚ್ಚಲು ಬರುವುದಿಲ್ಲ. ಅವಳಿಗೂ ಗೊತ್ತು.

ಕೈಯಲ್ಲಿ ಹಿಡಿದು ತೂಗಿ ನೋಡಿದೆ. ಐದಾರು ಹಾಳೆ ಇರಬೇಕು. ನಿನಗೆ ಐದಾರು ಹಾಳೆ, ನನಗೆ ಎರಡು ಮಾತು. ಹಳೆಯ ಕೋಪ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ನಿನ್ನ ಮೇಲೆ ಹೊಸದೊಂದು ಹುಟ್ಟಿದೆ.

ಓದು. ಅದರಲ್ಲಿ ಏನಿದೆ ಎಂದು ನನಗೆ ಬರೆಯಬೇಡ. ಆ ಮೊಣಕೈ ಹೇಗೆ ತರಚಿತು ಎನ್ನುವುದೊಂದನ್ನು ಮಾತ್ರ...

ಬೇಡ. ಅದನ್ನೂ ಬರೆಯಬೇಡ.

ನಿನ್ನ ತಂಗಿ